ತಣ್ಣಗಿರಬೇಕಿದ್ದ ರಕ್ತ

ನಮ್ಮ ಆಸ್ಪತ್ರೆ ಲ್ಯಾಬಿನ ಮುಖ್ಯಸ್ಥನಿಗೆ ನಾವಿಟ್ಟ ಹೆಸರು ಫೋಟೋ ಸಾಹೇಬ. ಅವನು ಮೈಕ್ರೋಸ್ಕೋಪಿನೊಳಗೆ ಕಣ್ಣಿಟ್ಟಿದ್ದನ್ನು ಕಂಡವರಿಲ್ಲ. ಅದರ ಪಕ್ಕ ನಿಂತು ಹಲ್ಲುಕಿರಿದ ಹನ್ನೊಂದು ಚಿತ್ರಗಳು ಮಾತ್ರ ಗೋಡೆಯ ಮೇಲಿವೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಆ ಕೊಡೆಯನ್ನೂ ಇನ್ನೊಬ್ಬರ ಕೈಲಿ ಹಿಡಿಸುವ ಆಸಾಮಿ.

ಅಂಥವನ ಕೈಗೆ ನನ್ನ ಅಕ್ಕನ ಹೊಟ್ಟೆಯ ಪಾಡು ಸಿಕ್ಕಿಬಿತ್ತು.

ಅಕ್ಕ ಬಟ್ಟೆ ಹೊಲಿಯುವವಳು. ಮೂರು ವರ್ಷದಲ್ಲಿ ಐದು ಸಲ ಅವಳ ಹೊಟ್ಟೆಯಲ್ಲಿ ಹುಣ್ಣಾಯಿತು. "ನಿನ್ನ ಸಿಟ್ಟೇ ನಿನ್ನನ್ನ ಸುಡ್ತಿದೆ ಕಣೇ" ಎನ್ನುತ್ತಿದ್ದರು ಭಾವ. ಅವರ ಬುದ್ಧಿಗೆ ಎಟುಕುವುದು ಅಷ್ಟೇ. ಕೊನೆಗೆ ಸರ್ಜನ್, ಮುಂದಿನ ವಾರದ ಶುಕ್ರವಾರ ಜಠರದ ಅರ್ಧ ಕತ್ತರಿಸಿ ತೆಗೆಯುತ್ತೇನೆ ಎಂದರು. ಹಿರಿಯ ವೈದ್ಯೆಯೊಬ್ಬರು ಮಾತ್ರ, ಅದಕ್ಕೆ ಮೊದಲು ಗ್ಯಾಸ್ಟ್ರಿನ್ ನೋಡಿ ಎಂದು ಬರೆದರು. ಆಮ್ಲ ಸುರಿಸು ಎಂದು ರಕ್ತದ ಮೂಲಕ ಜಠರಕ್ಕೆ ಹೇಳಿಕಳಿಸುವ ಹಾರ್ಮೋನು ಅದು. ಊಟದ ಹೊತ್ತಿಗೆ ಹೇಳಿ ಸುಮ್ಮನಾಗಬೇಕು. ಎಲ್ಲೋ ಒಂದು ಸಣ್ಣ ಗಂಟು ಕೂತು ಹಗಲೂ ರಾತ್ರಿ ಅದನ್ನೇ ಹೇಳಿಕಳಿಸುತ್ತಿದ್ದರೆ ಜಠರ ಕತ್ತರಿಸಿ ಏನು ಬಂತು? ಗಂಟನ್ನೇ ಹುಡುಕಿ ತೆಗೆಯಬೇಕು.

ಪರೀಕ್ಷೆಗಾಗಿ ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಿದರು. ವಾರ್ಡಿನಲ್ಲಿ ಏಳು ದಿನ ಅಕ್ಕ ದಿಂಬು ಕಚ್ಚಿಕೊಂಡು ಮಲಗಿದಳು. ಸೋಮವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಾನೇ ರಕ್ತ ತೆಗೆದು, ಟ್ಯೂಬನ್ನು ಲ್ಯಾಬಿನಲ್ಲಿ ನನ್ನ ಐಸ್ ಡಬ್ಬಿಯೊಳಗೆ ಹೂತಿಟ್ಟು, ಉಳಿದ ವಾರ್ಡುಗಳಿಗೆ ಹೋದೆ. ಬೆಚ್ಚಗಾದರೆ ಗ್ಯಾಸ್ಟ್ರಿನ್ ಒಡೆದುಹೋಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ, ನಾನಿನ್ನೂ ವಾರ್ಡುಗಳಲ್ಲಿದ್ದಾಗಲೇ, ದೊಡ್ಡ ಲ್ಯಾಬಿನ ವ್ಯಾನು ಅದನ್ನು ಒಯ್ದಿತು. ಅಕ್ಕನಿಗೆ ಮತ್ತೆ ಮಾತ್ರೆ ಶುರುವಾಯಿತು.

ಬುಧವಾರ ವರದಿ ಬಂತು: ನಾರ್ಮಲ್. ಸರ್ಜನ್ ಶುಕ್ರವಾರಕ್ಕೆ ಸಿದ್ಧರಾದರು.

ಅದೇ ದಿನ ಸಾಹೇಬ ಹನ್ನೆರಡನೆಯ ಚಿತ್ರ ನೇತುಹಾಕಿಸಿದ. ಸೋಮವಾರ ತಪಾಸಣೆಗೆ ಬಂದವರ ಜೊತೆ ಜ್ಯೂಸ್ ಬಾಟಲಿ ಹಿಡಿದು ನಗುತ್ತಿದ್ದಾನೆ. ಮೇಜಿನ ಮೇಲೆ ನನ್ನ ಐಸ್ ಡಬ್ಬಿ, ಅದರ ತುಂಬ ಬಾಟಲಿಗಳು. ಕಿಟಕಿಯ ಬಿಸಿಲಿನಲ್ಲಿ ಸ್ಟ್ಯಾಂಡು, ಅದರಲ್ಲಿ ಅಕ್ಕನ ಹೆಸರು ಬರೆದ ಟ್ಯೂಬು. ಹಿಂದಿನ ಗಡಿಯಾರದಲ್ಲಿ ಎಂಟೂವರೆ.

"ಸರ್, ಇದನ್ನ ಐಸಿಂದ ತೆಗೆದವರು ಯಾರು?"

"ಬಂದವರಿಗೆ ಬಿಸಿ ಜ್ಯೂಸ್ ಕೊಡೋಕಾಗುತ್ತೇನಮ್ಮ? ಸ್ವಲ್ಪ ಹೊತ್ತಿಗೆ ಏನಾಗಲ್ಲ."

"ಮೂರೂವರೆ ಗಂಟೆ ಸರ್. ವರದಿಯೇ ಸುಳ್ಳು."

ಅವನು ನಿಧಾನವಾಗಿ ಟ್ಯೂಬಿನ ಜೊತೆ ಹೋದ ಫಾರಂನ ಪ್ರತಿ ತೆಗೆದು ನನ್ನ ಮುಂದಿಟ್ಟ. 'ಕಳಿಸುವವರೆಗೂ ಐಸಿನಲ್ಲಿತ್ತು' ಎಂಬ ಸಾಲಿನ ಕೆಳಗೆ ನನ್ನ ಸಹಿ.

ದಿನಾ ಬೆಳಗ್ಗೆ ಇಪ್ಪತ್ತು ಫಾರಂಗೆ ಒಟ್ಟಿಗೆ ಸಹಿ ಗೀಚಿ ಹೊರಡುತ್ತೇನೆ. ನಾವೆಲ್ಲ ಮಾಡುವುದೇ ಹಾಗೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

"ಮನೇಲಿ ಹೊಟ್ಟೆಗೇನು ತಿಂತೀಯಮ್ಮ, ಸಹಿ ಯಾರದು ಅಂತ ಮರೆತುಹೋಗೋಕೆ?" ಎಂದು ಸಾಹೇಬ ನಕ್ಕ.

ಫಾರಂ ಹಿಡಿದು ನೇರ ಸರ್ಜನ್ ಬಳಿ ಹೋಗಿ, ಸಹಿ ನನ್ನದು, ಅದರ ಮೇಲಿನ ಮಾತು ಸುಳ್ಳು ಎಂದೆ. ಶುಕ್ರವಾರದ ಆಪರೇಷನ್ ನಿಂತಿತು. ಮತ್ತೆ ಏಳು ದಿನ ಮಾತ್ರೆಯಿಲ್ಲ, ಮತ್ತೆ ರಕ್ತ.

ಅದನ್ನು ಅಕ್ಕನಿಗೆ ನಾನೇ ಹೇಳಬೇಕಾಯಿತು. ಸಂಜೆಯ ಮಾತ್ರೆಯನ್ನು ಅಂಗೈಲಿಟ್ಟುಕೊಂಡು ಕೂತಿದ್ದಳು. ಸಾಹೇಬನ ಜ್ಯೂಸು, ಅವನ ಹಲ್ಲು, ಅವನ ಹನ್ನೆರಡು ಚಿತ್ರ, ಎಲ್ಲವನ್ನೂ ಉಗಿದು ಉಪ್ಪು ಹಾಕಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವನ ಪುರಾಣ ಸಾಕು. ಸಹಿ ಯಾರದು?"

"ನಂದೇ ಅಕ್ಕ."

ಅಕ್ಕ ಮಾತ್ರೆಯನ್ನು ನನ್ನ ಕೈಗೆ ವಾಪಸ್ ಹಾಕಿದಳು.

"ಏಳು ದಿನ ಇವತ್ತಿಂದಲೇ ಲೆಕ್ಕ ಹಿಡಿ. ಈ ಸಲ ರಕ್ತ ಬೇರೆ ಯಾರಾದ್ರೂ ತೆಗೀಲಿ."