ಮಲಗುವ ಕೋಣೆಯ ಹೊರಗೋಡೆ

ಹಿಂದೆ ತಾವಿದ್ದ ಮನೆ ಮಾರಲು ಅಪ್ಪನನ್ನು ಕರೆದುಕೊಂಡು ಪರದೇಶಕ್ಕೆ ಬಂದ ಮಗಳಿಗೆ ಅಲ್ಲಿನ ಏಜೆಂಟನ ಮಾತು ಅರ್ಥವಾಗುತ್ತಿತ್ತು; ಅಪ್ಪನ ಹಟ ಅರ್ಥವಾಗುತ್ತಿರಲಿಲ್ಲ. ಅವಳು ಶಾಲೆ ಕಲಿತದ್ದು ಆ ಊರಿನಲ್ಲೇ. ಅಲ್ಲಿನ ಪ್ರಯೋಗಾಲಯದಲ್ಲಿ ಅರ್ಧ ಆಯಸ್ಸು ಸವೆಸಿದ ಅಪ್ಪ ಮಾತ್ರ ಅಂಕಿಗಳನ್ನು, ನಾಲ್ಕಾರು ಪದಗಳನ್ನು ಬಿಟ್ಟು ಏನೂ ಕಲಿತಿರಲಿಲ್ಲ. ಹಾಗಾಗಿ ಏಜೆಂಟನಿಗೂ ಅವರಿಗೂ ನಡುವೆ ಇವಳದೇ ನಾಲಿಗೆ. ಮಾಲೀಕರು ಖುದ್ದಾಗಿ ಸಹಿ ಹಾಕಬೇಕೆಂಬುದು ಅಲ್ಲಿನ ಕಾನೂನು. ಮಂಡಿನೋವಿನ ಅಪ್ಪ ಮತ್ತೊಮ್ಮೆ ವಿಮಾನ ಹತ್ತುವುದು ದೂರದ ಮಾತು. ಈ ಸಲ ಮಾರಾಟವಾಗದಿದ್ದರೆ ಮನೆ ಬೀಗ ಜಡಿದುಕೊಂಡು ಹಾಳು ಬೀಳುವುದೇ ಸೈ.

ಆದರೆ ನೋಡಲು ಬಂದವರನ್ನೆಲ್ಲ ಅಪ್ಪನೇ ಓಡಿಸುತ್ತಿದ್ದರು. ಮಲಗುವ ಕೋಣೆಯ ಹೊರಗೋಡೆ ಚಳಿಗಾಲದಲ್ಲಿ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ ಎಂದು ಪ್ರತಿಯೊಬ್ಬರಿಗೂ ಪಾಠ. ಏಜೆಂಟ್ ತಲೆ ಚಚ್ಚಿಕೊಂಡ.

"ಈಗ ಬೇಸಿಗೆ. ಗೋಡೆ ಹಪ್ಪಳದ ಹಾಗೆ ಒಣಗಿದೆ. ನೋಡೋಕೆ ಬಂದವರಾಗಿ ಕೇಳದಿದ್ದರೆ ಸುಮ್ಮನಿರೋಕೆ ಹೇಳಮ್ಮ ನಿಮ್ಮ ತಂದೆಗೆ."

ಮಗಳು ಹೇಳಿದಳು.

"ಬೇಸಿಗೆಗೆ ಮಾತ್ರ ಮನೆ ಮಾರ್ತಿದೀವಾ ಅಂತ ಕೇಳು ಅವನನ್ನ," ಎಂದರು ಅಪ್ಪ.

ಅಂದು ಬಂದವಳು ದರ್ಜಿ. ಸೊಂಟದ ಮೇಲೊಂದು ಎಳೆಗೂಸು. ಅಡುಗೆಮನೆಯ ಕಟ್ಟೆ ಸವರಿದಳು, ಕಿಟಕಿ ತೆಗೆದು ಮುಚ್ಚಿದಳು, ಮಲಗುವ ಕೋಣೆಗೆ ಬಂದು ನೇರವಾಗಿ ಆ ಗೋಡೆಯತ್ತಲೇ ನಡೆದಳು. "ಇವನ ತೊಟ್ಟಿಲು ಇಲ್ಲಿ."

ಅಪ್ಪ ಗಂಟಲು ಸರಿಮಾಡಿಕೊಂಡರು. ಒಳಗಿನ ಬಿಸಿ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುವುದರಿಂದ ಹಿಡಿದು ಮಕ್ಕಳಿಗೆ ಹತ್ತುವ ಕೆಮ್ಮಿನವರೆಗೆ ಎಲ್ಲವನ್ನೂ ವಿವರಿಸಿದರು.

"ಬೇಸಿಗೆಯಲ್ಲಿ ಈ ಕೋಣೆ ತಂಪಾಗಿರುತ್ತೆ ಅಂತಿದಾರೆ," ಎಂದು ಮಗಳು ದರ್ಜಿಗೆ ಹೇಳಿದಳು. ಏಜೆಂಟ್ ಅವಳತ್ತ ಕೃತಜ್ಞತೆಯಿಂದ ನೋಡಿದ.

"ನಾನು ಮಾರುದ್ದ ಹೇಳಿದ್ದು ನಿನ್ನ ಬಾಯಲ್ಲಿ ಗೇಣುದ್ದ ಆಯ್ತಲ್ಲ, ಪುಟ್ಟಿ?"

"ಈ ಭಾಷೆಯಲ್ಲಿ ಚಿಕ್ಕದಾಗಿ ಹೇಳ್ಬಹುದು, ಅಪ್ಪ."

"ಕೆಮ್ಮಿಗೆ ಇಲ್ಲಿ ಏನಂತಾರೆ ಅಂತ ನಂಗೂ ಗೊತ್ತು. ನಿನ್ನ ಎತ್ಕೊಂಡು ಡಾಕ್ಟರ ಹತ್ರ ಓಡಿ ಓಡಿ ಕಲಿತ ಪದ ಅದು. ನೀನು ಅದನ್ನ ಹೇಳ್ಲೇ ಇಲ್ಲ."

ಮಗಳು ಮಗುವಿನ ಕಡೆ ನೋಡಿದಳು. ಅದು ಏಜೆಂಟನ ಟೈ ಹಿಡಿಯಲು ಕೈ ಚಾಚುತ್ತಿತ್ತು. ಅವಳು ದರ್ಜಿಯತ್ತ ತಿರುಗಿ ನೀರು, ಬೂಷ್ಟು, ತನ್ನ ಕೆಮ್ಮು ಎಲ್ಲವನ್ನೂ ಹೇಳಿಬಿಟ್ಟಳು. ಏಜೆಂಟ್ ಕಿಟಕಿಯಾಚೆ ನೋಡತೊಡಗಿದ.

ದರ್ಜಿ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದಳು. "ಆಮೇಲೆ ನಿನ್ನನ್ನ ಎಲ್ಲಿ ಮಲಗಿಸಿದ್ರು?"

ಯಾರೂ ಕೇಳದ ಪ್ರಶ್ನೆ. ಮಗಳು ಅವಳನ್ನು ಹಾಲ್‌ಗೆ ಕರೆತಂದು ಅಡುಗೆಮನೆಗೆ ಅಂಟಿಕೊಂಡ ಮೂಲೆ ತೋರಿಸಿದಳು. "ಇಲ್ಲಿ. ಈ ಗೋಡೆ ಒಳಗಿನದು, ಬೆಚ್ಚಗಿರುತ್ತೆ. ಇಲ್ಲಿಗೆ ಬಂದ ಮೇಲೆ ಕೆಮ್ಮು ನಿಂತಿತು."

ದರ್ಜಿ ಶಾಲು ಹಾಸಿ ಮಗುವನ್ನು ಆ ಮೂಲೆಯಲ್ಲಿ ಮಲಗಿಸಿ ಒಮ್ಮೆ ಸುತ್ತ ನೋಡಿದಳು. "ಹಾಗಾದ್ರೆ ಆ ಕೋಣೆಯಲ್ಲಿ ನನ್ನ ಮಿಷನ್ನು."

"ಬಟ್ಟೆ ಮಾತ್ರ ಗೋಡೆಗೆ ತಾಗಿಸಿ ಇಡಬೇಡ ಅನ್ನು," ಎಂದರು ಅಪ್ಪ. ಈ ಸಲ ಮಗಳು ಒಂದಕ್ಷರವನ್ನೂ ನುಂಗಲಿಲ್ಲ.

ಗೋಡೆಗೋಸ್ಕರ ಬೆಲೆ ಇಳಿಸಬೇಕೆಂದು ದರ್ಜಿ ಒಂದು ಮೊತ್ತ ಹೇಳಿದಳು. ಅಂಕಿ ಬಲ್ಲ ಅಪ್ಪ ಆಗಲೇ ಒಪ್ಪಿ ತಲೆಯಾಡಿಸಿದರು.

"ಚೌಕಾಸಿಗೆ ನನ್ನನ್ನ ಬಾಯಿ ತೆರೆಯೋಕಾದ್ರೂ ಬಿಡಬಾರದಿತ್ತಾ?" ಏಜೆಂಟ್ ಗೊಣಗಿದ.

ಅವನು ಬೇರೊಂದು ಮನೆ ತೋರಿಸಲು ಹೊರಡಬೇಕಿತ್ತು. ಮೂಲೆಯಲ್ಲಿ ಮಗುವಿಗೆ ನಿದ್ದೆ ಹತ್ತಿತ್ತು. ಎಬ್ಬಿಸೋಣವೇ ಎಂಬಂತೆ ದರ್ಜಿ ಬಗ್ಗಿದಾಗ ಅವನೇ ಬೇಡವೆಂದು ಕೈಯಾಡಿಸಿ ಅಡುಗೆಮನೆಯ ಕಟ್ಟೆ ಏರಿ ಕುಳಿತ. ಸಹಿ ಎಲ್ಲಿ, ಯಾರ ಮುಂದೆ ಎಂಬುದನ್ನೆಲ್ಲ ಪಿಸುದನಿಯಲ್ಲಿ ಹೇಳತೊಡಗಿದ. ಮಗಳೂ ಅಪ್ಪನ ಕಿವಿಯ ಬಳಿ ಅಷ್ಟೇ ಮೆಲ್ಲಗೆ ಹೇಳುತ್ತ ಹೋದಳು.