ಕೆಂಪು ದೀಪ ಆರಿದ್ದಾಗ

ಕಿರುಚುವುದು ನನ್ನ ಕಸುಬು. ನಗಬೇಡಿ. ಪರದೆಯ ಮೇಲೆ ಚೆಂದದ ನಟಿಯೊಬ್ಬಳು ಬಾಯಿ ತೆರೆದು ದೆವ್ವವನ್ನು ನೋಡುತ್ತಾಳಲ್ಲ, ಆಗ ಕೇಳುವ ದನಿ ಅವಳದಲ್ಲ, ನನ್ನದು. ನಟಿಯರೇ ಕಿರುಚಿದರೆ ಯಾರೋ ಹಳೇ ಬಾಗಿಲು ತೆಗೆದಂತಿರುತ್ತದೆ. ಅದಕ್ಕೇ ನನ್ನಂಥವರನ್ನು ಕರೆಸುತ್ತಾರೆ. ಡಬ್ಬಿಂಗ್ ಕೋಣೆಯವರೆಲ್ಲ ನನ್ನನ್ನು ಕಿರುಚಕ್ಕ ಎನ್ನುತ್ತಾರೆ, ಧ್ವನಿಮುದ್ರಣ ಮಾಡುವ ನನ್ನ ಅಣ್ಣನನ್ನು ಟೇಪಣ್ಣ. ಈ ಕಸುಬಿಗೆ ನನ್ನನ್ನು ಎಳೆತಂದವನೂ ಅವನೇ. ಅಪ್ಪ ಇಲ್ಲದ ಮನೆ ನಮ್ಮದು. ಅಣ್ಣ ಒಂದು ಮಾತು ಹೇಳಿದನೆಂದರೆ ಮರುಮಾತಾಡಿ ನನಗೆ ಗೊತ್ತಿರಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಒಂದು ಚಿತ್ರಮಂದಿರದವರು ನಮ್ಮಿಬ್ಬರನ್ನೂ ಕರೆದಿದ್ದರು. ಒಂದು ಕಾಲದಲ್ಲಿ ಊರಿನವರ ನಿದ್ದೆ ಕೆಡಿಸಿದ ಸಿನಿಮಾಗಳನ್ನು ಮತ್ತೆ ಹಾಕಿ, ಅವು ಈಗಲೂ ಹೆದರಿಸುತ್ತವೆಯೋ ಇಲ್ಲವೋ ನೋಡುವುದಂತೆ. ಒಳಗೆ ಹೋಗುವವರ ಮಣಿಕಟ್ಟಿಗೆಲ್ಲ ಒಂದು ಪಟ್ಟಿ ಕಟ್ಟಿ ನಾಡಿಬಡಿತ ಅಳೆಯುತ್ತಿದ್ದರು. ಹೆದರಿಕೆಗೂ ಅಳತೆಗೋಲು ಬಂದಿದೆ, ಕಾಲ ನೋಡಿ. ಅವತ್ತಿನ ಸಿನಿಮಾ ನಮ್ಮದೇ. ಗಂಡನ ಬೀರುವಿನೊಳಗೆ ಸಂಸಾರ ಹೂಡಿದ ಸತ್ತ ಸವತಿಯ ಕಥೆ. ಅದರಲ್ಲಿನ ನನ್ನ ಕಿರುಚಿಗೆ ಆಗ ದೊಡ್ಡ ಹೆಸರು ಬಂದಿತ್ತು, ಅಣ್ಣನಿಗೆ ಅದಕ್ಕಿಂತ ದೊಡ್ಡದು. ನಾನು ಮಾತ್ರ ಆ ಸಿನಿಮಾ ನೋಡಿಯೇ ಇರಲಿಲ್ಲ. ಅದರ ಡಬ್ಬಿಂಗ್ ನಡೆಯುತ್ತಿದ್ದ ದಿನವೇ ಅಮ್ಮ ತೀರಿಕೊಂಡಿದ್ದಳು. ಆಮೇಲೆ ಅದರ ಪೋಸ್ಟರ್ ಕಂಡರೂ ನಾನು ಬೀದಿಯ ಆಚೆ ಬದಿಗೆ ದಾಟುತ್ತಿದ್ದೆ.

ಈ ಸಲ ಅಣ್ಣ ಬಿಡಲಿಲ್ಲ. "ಎಷ್ಟು ವರ್ಷಾಂತ ಹೀಗೇ ಇರ್ತೀಯಾ? ಬಾ, ಜೊತೇಲಿ ನೋಡೋಣ" ಎಂದು ಕರೆದುಕೊಂಡು ಹೋದ.

ಸಿನಿಮಾ ಶುರುವಾದದ್ದೇ ತಡ, ಹುಡುಗ ಹುಡುಗಿಯರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸವತಿಯ ಚೌರಿ ಜಾರುತ್ತಿತ್ತು. ಗಾಳಿಗೆ ಹಾರುವ ಪರದೆಯ ಹಿಂದೆ ಫ್ಯಾನು ಕಾಣುತ್ತಿತ್ತು. ಹಿಂದಿನ ಸಾಲಿನ ಒಬ್ಬ, "ಅಯ್ಯೋ ಪಾಪ, ಬೀರೂಲಿ ಸೆಕೆ ಆಗಲ್ವೇನಮ್ಮ?" ಎಂದು ಕೂಗಿದ. ನನಗೂ ನಗು ಬಂತು. ಅಣ್ಣ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತಿದ್ದ. "ಸ್ವಲ್ಪ ತಡಿ, ಇವರ ನಗು ಎಲ್ಲಿಗೆ ಹೋಗುತ್ತೆ ನೋಡ್ತಿರು" ಎಂದು ನನ್ನ ಕಿವಿಯಲ್ಲಿ ಹೇಳಿದ.

ಪರದೆಯ ಮೇಲೆ ಬೀರು ತೆರೆಯಿತು. ನಟಿ ಬಾಯಿ ತೆರೆದಳು.

ನಗು ನಿಂತುಹೋಯಿತು. ಮುಂದಿನ ಸಾಲಿನ ಹುಡುಗಿ ಪಕ್ಕದವನ ತೋಳು ಹಿಡಿದುಕೊಂಡಳು. ನನ್ನ ಎದೆಯೂ ಝಲ್ಲೆಂದಿತು, ಆದರೆ ಅವರಂತೆ ಅಲ್ಲ. ಆ ದನಿ ಮೇಲೇರಿ ನಡುವೆ ಮುರಿದು, ಉಸಿರು ಸಿಕ್ಕಿಕೊಂಡು, 'ಅ' ಎನ್ನುವಷ್ಟರಲ್ಲಿ ಕತ್ತರಿಸಿದಂತೆ ನಿಂತಿತು. ಮುಂದಿನ ಅಕ್ಷರ ಯಾವುದೆಂದು ಆ ಚಿತ್ರಮಂದಿರದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ.

ನಮ್ಮ ಕೆಲಸದಲ್ಲಿ ಎಲ್ಲವೂ ಕೆಂಪು ದೀಪದ ಮೇಲೆ ನಡೆಯುತ್ತದೆ. ಗಾಜಿನ ಕೋಣೆಯಲ್ಲಿ ಮೈಕಿನ ಮೇಲ್ಗಡೆ ಅದು ಉರಿಯುತ್ತಿದ್ದರೆ ಉಗುಳು ನುಂಗಿದ್ದೂ ಟೇಪಿಗೆ ಹೋಗುತ್ತದೆ. ಆರಿದರೆ ಕೆಮ್ಮಬಹುದು, ಆಕಳಿಸಬಹುದು, ನಿರ್ದೇಶಕರ ಜನ್ಮ ಜಾಲಾಡಬಹುದು. ಆರಿದ ದೀಪದ ಕೆಳಗೆ ಆಡಿದ ಮಾತು ನಮ್ಮ ಸ್ವಂತದ್ದು. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಅದನ್ನು ಮುರಿದವರನ್ನು ನಾನು ಕಂಡಿರಲಿಲ್ಲ.

ಆ ಸಿನಿಮಾದ ಡಬ್ಬಿಂಗ್ ದಿನ ಬೆಳಗಿನಿಂದ ಕಿರುಚಿ ಗಂಟಲು ಹರಿದುಹೋಗಿತ್ತು. ನಿರ್ದೇಶಕರು ಪ್ರತಿ ಸಲವೂ ತಲೆಯಾಡಿಸಿ, "ಭಯ ಇದೆಯಮ್ಮ, ಜೀವ ಇಲ್ಲ" ಎನ್ನುತ್ತಿದ್ದರು. ಅಮ್ಮ ಆಸ್ಪತ್ರೆಯಲ್ಲಿದ್ದಳು. ಚೇತರಿಸಿಕೊಳ್ಳುತ್ತಿದ್ದಾಳೆ ಎಂದಿದ್ದರು, ಜೊತೆಗೆ ಚಿಕ್ಕಮ್ಮ ಇದ್ದಳು. ಮಧ್ಯಾಹ್ನ ದೀಪ ಆರಿತು. ಅಣ್ಣ ಗಾಜಿನ ಕೋಣೆಯೊಳಗೆ ಬಂದು, ಬಾಗಿಲು ಹಾಕಿ, ನನ್ನ ಭುಜ ಹಿಡಿದು, "ಅಮ್ಮ ಹೋದಳು ಕಣೇ" ಎಂದ. ನಾನು ಅಮ್ಮಾ ಎಂದು ಅರಚಿದೆ. ಅಷ್ಟೇ ನೆನಪು. ಸಿನಿಮಾಕ್ಕೆ ಬೆಳಗಿನ ಕಿರುಚುಗಳಲ್ಲೇ ಯಾವುದನ್ನೋ ಆರಿಸಿಕೊಂಡಿರುತ್ತಾರೆ ಎಂದು ಇಷ್ಟು ವರ್ಷ ನಂಬಿದ್ದೆ.

ಸಿನಿಮಾ ಮುಗಿದ ಮೇಲೆ ನಿರೂಪಕಿ ವೇದಿಕೆ ಹತ್ತಿ, ಎಲ್ಲರ ನಾಡಿಬಡಿತದ ಗೆರೆಯನ್ನು ಪರದೆಯ ಮೇಲೆ ತೋರಿಸಿದಳು. ಚಿತ್ರದುದ್ದಕ್ಕೂ ಮಲಗಿದ್ದ ಗೆರೆ ಒಂದೇ ಒಂದು ಕಡೆ ಎದ್ದು ನಿಂತಿತ್ತು. ಚಪ್ಪಾಳೆ ಬಿತ್ತು. ಅಣ್ಣ ಹಿರಿಹಿರಿ ಹಿಗ್ಗಿದ. ನಾನು ಅವನ ತೋಳು ಹಿಡಿದು ಹೊರಗೆ, ಪಾಪ್‌ಕಾರ್ನ್ ಯಂತ್ರದ ಪಕ್ಕಕ್ಕೆ ಎಳೆದುಕೊಂಡು ಹೋದೆ.

"ದೀಪ ಆರ್ಸಿ ಟೇಪ್ ಓಡಿಸಿದ್ಯಾ?"

ಅವನು ನಕ್ಕ. "ಅಯ್ಯೋ, ಹಳೇದು ಬಿಡು. ನೋಡಿದ್ಯಲ್ಲ, ಚೌರಿ ಹೋಯ್ತು, ಬೀರು ಹೋಯ್ತು, ಉಳಿದದ್ದು ನಿನ್ನ ದನಿ ಒಂದೇ."

"ಆರ್ಸಿ ಓಡಿಸಿದ್ಯಾ, ಇಲ್ವಾ?"

"ಹೂಂ. ಹೇಗೂ ಹೇಳ್ಲೇಬೇಕಿತ್ತಲ್ಲ. ಇನ್ನೊಬ್ಬಳನ್ನ ಕರೆಸ್ತೀನಿ ಅಂತಿದ್ರು ನಿರ್ದೇಶಕರು. ನಾನು ಸ್ವಂತವಾಗಿ ಮಾಡ್ತಿದ್ದ ಮೊದಲನೇ ಸಿನಿಮಾ ಪುಟ್ಟಿ, ಇಬ್ಬರ ಅನ್ನಾನೂ ಹೋಗ್ತಿತ್ತು."

ನಂಬಿಸಿ ಕತ್ತು ಕೊಯ್ಯುವುದು ಅನ್ನುತ್ತಾರಲ್ಲ, ಅದು ಇಷ್ಟು ಪ್ರೀತಿಯ ದನಿಯಲ್ಲಿ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಕೈ ಎತ್ತುವ ಮೊದಲೇ ಇನ್ನೊಂದು ಹೊಳೆಯಿತು. ಸುದ್ದಿ ಬಂದ ಕೂಡಲೇ ಓಡಿಬಂದವನಾಗಿದ್ದರೆ ದೀಪದ ಗುಂಡಿ ನೆನಪಾಗುತ್ತಿತ್ತೇ? ಇವನು ಯೋಚಿಸಿಯೇ ಒಳಗೆ ಬಂದಿದ್ದ.

"ಚಿಕ್ಕಮ್ಮ ಫೋನ್ ಮಾಡಿದ್ದು ಯಾವಾಗ?"

ಅವನ ನಗು ಹೋಯಿತು. ಯಂತ್ರದ ಗಾಜನ್ನು ನೋಡುತ್ತಾ ನಿಂತ.

"ಅಣ್ಣಾ, ಯಾವಾಗ?"

"ತೀರಿಕೊಂಡದ್ದು ಮಧ್ಯಾಹ್ನವೇ. ನಿನ್ನಾಣೆಗೂ."

"ಅದಕ್ಕೂ ಮೊದಲು ಮಾಡಿದ್ಳಾ?"

"ಬೆಳಿಗ್ಗೆ ಒಂದು ಸಲ ಮಾಡಿದ್ಳು. ಉಸಿರಾಟ ಯಾಕೋ ಸರಿ ಇಲ್ಲ, ನಿನ್ನ ಹೆಸರೇ ಹಿಡಿದು ಕರೀತಿದ್ದಾಳೆ, ಕಳಿಸು ಅಂತ. ಸಂಜೆವರೆಗೂ ಏನೂ ಆಗಲ್ಲ ಅನ್ಕೊಂಡೆ ಕಣೇ. ಕೆಲಸ ಮುಗಿಸಿ ಇಬ್ಬರೂ ಒಟ್ಟಿಗೇ ಹೋಗೋಣ ಅನ್ಕೊಂಡೆ."

ಆಸ್ಪತ್ರೆ ದೂರವೇನಿರಲಿಲ್ಲ. ಒಂದು ಬಸ್ಸು ಹತ್ತಿದರೆ ಬಾಗಿಲಲ್ಲೇ ಇಳಿಸುತ್ತಿತ್ತು. ಅಮ್ಮ ನನ್ನನ್ನು ಕರೆಯುತ್ತಿದ್ದ ಅಷ್ಟು ಹೊತ್ತೂ ನಾನು ಗಾಜಿನ ಕೋಣೆಯಲ್ಲಿ ನಿಂತು, ಚೌರಿ ಕಟ್ಟಿಕೊಂಡ ಹೆಂಗಸನ್ನು ನೋಡಿ ಸುಳ್ಳು ಸುಳ್ಳೇ ಕಿರುಚುತ್ತಿದ್ದೆ. ಅಂತ್ಯಸಂಸ್ಕಾರದ ದಿನ ಚಿಕ್ಕಮ್ಮ ನನ್ನಿಂದ ಮುಖ ತಿರುಗಿಸಿಕೊಂಡಳು. ತಾನು ಸಾಯುವವರೆಗೂ ಸರಿಯಾಗಿ ಮಾತಾಡಲಿಲ್ಲ. ದುಃಖದಲ್ಲಿ ಮನಸ್ಸು ಕಲ್ಲಾಗಿದೆ ಎಂದು ನಾನೇ ಅವಳನ್ನು ಕ್ಷಮಿಸಿದ್ದೆ. ಎಂಥ ಮೂರ್ಖಳು ನಾನು!

ಅಷ್ಟರಲ್ಲಿ ನಿರೂಪಕಿ ತಂತಿಯಿಲ್ಲದ ಮೈಕು ಹಿಡಿದು ಓಡಿಬಂದಳು. "ಮೇಡಂ, ಇಲ್ಲಿದ್ದೀರಾ? ಒಳಗೆ ಎಲ್ಲರೂ ಕಾಯ್ತಿದ್ದಾರೆ. ಅದೇ ಕಿರುಚು, ಒಂದೇ ಒಂದು ಸಲ!"

ನಾನು ಅವಳ ಕಡೆ ನೋಡಲಿಲ್ಲ. "ಬೆಳಿಗ್ಗೆ ಚಿಕ್ಕಮ್ಮನಿಗೆ ಏನಂತ ಹೇಳ್ದೆ?"

"ಬಿಡೇ ಈಗ. ಜನ ನೋಡ್ತಿದ್ದಾರೆ."

"ಏನಂತ ಹೇಳ್ದೆ ಅಣ್ಣಾ?"

ಅವನ ದನಿ ಸಣ್ಣದಾಯಿತು. "ಹೊರಟಿದ್ದಾಳೆ ಅಂದೆ. ಇನ್ನೇನು ಬಂದುಬಿಡ್ತಾಳೆ, ಅಮ್ಮನಿಗೆ ಹೇಳು ಅಂದೆ."

ಚಿಕ್ಕಮ್ಮ ಹೇಳಿಯೇ ಇರುತ್ತಾಳೆ. ಅಮ್ಮ ನಂಬಿಯೇ ಇರುತ್ತಾಳೆ.

ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ನಿರೂಪಕಿಗೆ ಖುಷಿಯೋ ಖುಷಿ. ಶುರುಮಾಡುತ್ತಾರೆ ಎಂದುಕೊಂಡು ಮೈಕನ್ನು ನನ್ನ ತುಟಿಯ ಹತ್ತಿರ ಹಿಡಿದಳು. ಅಣ್ಣ ಕಣ್ಣು ಮುಚ್ಚಿಕೊಂಡ. ಒಳಗಡೆಯ ಧ್ವನಿವರ್ಧಕದಲ್ಲಿ ನನ್ನ ಉಸಿರು ಕೇಳಿಸಿರಬೇಕು, ಕೂತವರೆಲ್ಲ ಸದ್ದಿಲ್ಲದೆ ಕಾಯುತ್ತಿದ್ದರು. ಅಮ್ಮನೂ ಹೀಗೇ ಬಾಗಿಲ ಕಡೆ ಕಿವಿಯಿಟ್ಟು ಕಾದಿರುತ್ತಾಳೆ, ಮಗಳು ಹೊರಟಿದ್ದಾಳೆ ಎಂದು.