ತಾಟಿನ ಖೋ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದಿಲ್ಲದಿದ್ದರೆ ಈ ಆಟವೂ ಹುಟ್ಟುತ್ತಿರಲಿಲ್ಲ.

ಎಪ್ಪತ್ತನಾಲ್ಕರ ದೀಪಾವಳಿ ಸೂಟಿ ಮುಗಿದ ಮೇಲೆ ನಾನು ಬಬಲೇಶ್ವರದ ಒಂದು ಹೆಣ್ಣುಮಕ್ಕಳ ಶಾಲೆಗೆ ಆಟ ಕಲಿಸಲು ಬಂದೆ. ಗುಲಶನ ಅಕ್ಕೋರು ಎಂದು ಹುಡುಗಿಯರು ಕರೆಯತೊಡಗಿದರು. ಮನೆ ವಿಜಾಪುರದಲ್ಲಿ, ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ಮೊದಲ ದಿನ ಹುರುಪಿನಿಂದ ಹುಡುಗಿಯರನ್ನು ಮೈದಾನದ ಸುತ್ತ ಓಡಿಸಿದೆ. ಎರಡನೆಯ ಸುತ್ತಿಗೇ ಅರ್ಧ ಮಂದಿ ಹೊಟ್ಟೆ ಹಿಡಿದುಕೊಂಡು ಬೇವಿನ ಗಿಡದ ನೆರಳಿಗೆ ಕೂತುಬಿಟ್ಟರು. ಮುಂಜಾನೆ ಏನು ತಿಂದು ಬಂದಿರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಚಾ. ಒಂದಿಬ್ಬರು ಮಾತ್ರ ಚಾದಲ್ಲಿ ಖಾರಿ ಬಿಸ್ಕೀಟು ಅದ್ದಿ ತಿಂದಿದ್ದರು.

ಮನೆಯಲ್ಲಿ ರೊಟ್ಟಿ ಇರಲಿಲ್ಲವೇ? ಬುಟ್ಟಿ ತುಂಬ ಇತ್ತು. ಆದರೆ ಅದು ಹೊಲಕ್ಕೆ ಹೋಗುವವರ ಬುತ್ತಿಗೆ. ಶಾಲೆಗೆ ಹೋಗುವವಳು ಕೂತೇ ಇರುತ್ತಾಳಲ್ಲ, ಕೂತವಳಿಗೆ ಬೆಳ್ಳಂಬೆಳಗ್ಗೆ ರೊಟ್ಟಿ ಯಾಕೆ, ಒಂದು ಬಸಿ ಚಾ ಸಾಕು ಎಂಬುದು ಊರಿನ ಲೆಕ್ಕ. ಈ ಲೆಕ್ಕ ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಪಾಠ ಮಾಡಿ ನೋಡಿದೆ. ಹಸಿರು ಪಲ್ಯೆ, ಕಾಳು, ಹಾಲು ಎಂದು ಹುಡುಗಿಯರು ರಾಗವಾಗಿ ಒಪ್ಪಿಸಿದರು, ಮರುದಿನ ಮತ್ತೆ ಚಾ ಕುಡಿದು ಬಂದರು. ಮೂರನೆಯ ದಿನ ಸುಣ್ಣದ ಪುಡಿ ಹಿಡಿದು ಮೈದಾನದ ನಡುವೆ ದೊಡ್ಡದೊಂದು ಊಟದ ತಾಟು ಬರೆದೆ. ತಾಟಿನೊಳಗೆ ಖೋ ಖೋ ಆಟದ ಹಾಗೆಯೇ ಸಾಲಾಗಿ ಕೂರಿಸಿದೆ, ಒಬ್ಬಳ ಮುಖ ಈ ಕಡೆ, ಮಗ್ಗುಲವಳದು ಆ ಕಡೆ. ಒಬ್ಬೊಬ್ಬಳಿಗೂ ಒಂದು ತಿನಿಸಿನ ಹೆಸರು ಕೊಟ್ಟೆ. ಸಬೀರಾ ಶೇಂಗಾ, ಅವಳ ಪಕ್ಕದವಳು ಮಜ್ಜಿಗೆ, ಅದರಾಚೆ ಜೋಳದ ರೊಟ್ಟಿ, ಹಕ್ಕರಕಿ ಸೊಪ್ಪು, ಹೆಸರುಕಾಳು, ಉಳ್ಳಾಗಡ್ಡಿ. ಎಲ್ಲ ಆ ಊರಿನ ಹೊಲದಲ್ಲೂ ಹಿತ್ತಲಲ್ಲೂ ಸಿಗುವಂಥವೇ. ಬೆನ್ನಟ್ಟಿ ಓಡುವವಳು ಕೂತವಳ ಬೆನ್ನು ಮುಟ್ಟಿ "ಖೋ" ಅನ್ನುವಂತಿಲ್ಲ, ಆಕೆಯ ತಿನಿಸಿನ ಹೆಸರು ಕೂಗಬೇಕು. ಕೂಗಿದರೆ ಮಾತ್ರ ಆಕೆ ಎದ್ದು ಓಡಬೇಕು. ಇನ್ನೊಂದು ನಿಯಮವೂ ಇತ್ತು. ತನ್ನ ಹೆಸರಿನ ತಿನಿಸನ್ನು ಮುಂಜಾನೆ ತಿಂದು ಬಂದವಳಿಗೆ ತಾಟಿನಲ್ಲಿ ಜಾಗ. ಬರೀ ಚಾ ಕುಡಿದು ಬಂದವಳೇ ಚಾ, ಅವಳನ್ನು ಎಲ್ಲರೂ ಅಟ್ಟಿಸಿಕೊಂಡು ಹೋಗುವುದು. ಮನೆಯಲ್ಲಿ ಇಲ್ಲದವರಿಗೆ ಇದ್ದವರು ಅರಿವೆಯಲ್ಲಿ ಕಟ್ಟಿ ತರಬೇಕು.

ಎಂಟು ದಿನ ಕಳೆಯುವಷ್ಟರಲ್ಲಿ ಚಾ ಆಗಲು ಯಾರೂ ಸಿಗದಂತಾಯಿತು. ಕೊನೆಗೆ ನಾನೇ ಸೀರೆಯ ಸೆರಗು ಸಿಕ್ಕಿಸಿ ಚಾ ಆದೆ. ನಲವತ್ತು ಹುಡುಗಿಯರು ಕೇಕೆ ಹಾಕುತ್ತ ನನ್ನನ್ನು ಅಟ್ಟುವಾಗ ಆದ ಖುಷಿಯನ್ನು ನಾನು ಇಂದಿಗೂ ಮರೆತಿಲ್ಲ. ಎಲ್ಲರಿಗಿಂತ ಚುರುಕು ಮಾಳವ್ವ, ಐದನೆಯ ಇಯತ್ತೆಯವಳು, ಕಡ್ಡಿ ಕಾಲಿನ ಹುಡುಗಿ. ಅವಳು ಓಡಿದರೆ ಧೂಳು ಹಿಂದೆ ಉಳಿಯುತ್ತಿತ್ತು.

ಒಂದು ದಿನ ಮಾಳವ್ವನ ಅಜ್ಜಿ ಮುದುಕವ್ವ ಶಾಲೆಗೇ ಬಂದು ಜಗಳ ತೆಗೆದಳು. ಒಲೆ ಹೊತ್ತಿಸುವ ಮೊದಲೇ ಹುಡುಗಿ ರೊಟ್ಟಿ ಬೇಡುತ್ತಾಳೆ, ಹೊಲದವರ ಬುತ್ತಿಗೇ ಕೈ ಹಾಕುತ್ತಾಳೆ, ಹುಡುಗಿಯರನ್ನು ಓಡಿಸಿ ಹಸಿವು ಹಚ್ಚುವುದು ಎಂಥ ವಿದ್ಯೆ ಎಂದು ಅಂಗಳದ ತುಂಬ ಕೇಳಿಸುವಂತೆ ಬೈದಳು. ನಾನೂ ಸುಮ್ಮನಿರುವ ಪೈಕಿಯಲ್ಲ. ಹಸಿವು ಆಗದ ಮಗು ಬೆಳೆಯುವುದಾದರೂ ಹೇಗೆ ಎಂದು ಅಷ್ಟೇ ಜೋರಾಗಿ ಕೇಳಿದೆ.

ಗದ್ದಲ ಕೇಳಿ ಹೆಡ್ ಮಾಸ್ತರ ಯಲಗೂರಪ್ಪನವರು ಕೈಯಲ್ಲಿ ಚಾದ ಬಸಿ ಹಿಡಿದೇ ಹೊರಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ದಿನವಿಡೀ ಚಾ. ಆಟದ ತಾಸು ದಂಡ, ಅದನ್ನು ಹೊಲಿಗೆಯ ತಾಸು ಮಾಡಿದರೆ ಹುಡುಗಿಯರಿಗೆ ಉಪಯೋಗ ಎಂಬುದು ಅವರ ಹಳೆಯ ವಾದ. ಆವತ್ತು ಅಜ್ಜಿಯ ಎದುರಿಗೇ ನನಗೆ ಪಂಥ ಕಟ್ಟಿದರು.

"ಸಂಕ್ರಮಣ ಆದಮ್ಯಾಲೆ ಟಿಕೋಟಾದಾಗ ಖೋ ಖೋ ಪಂದ್ಯ ಅದಾವ. ಟಿಕೋಟಾದವರನ್ನ ಸೋಲಿಸ್ರಿ, ಆಟದ ತಾಸು ನಿಮ್ದು. ಇಲ್ಲಂದ್ರ ಮರುದಿನದಿಂದ ಸೂಜಿ ದಾರ. ಮಾತಂದ್ರ ಮಾತು."

ಟಿಕೋಟಾದ ಹುಡುಗಿಯರೆಂದರೆ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರು. ಅವರನ್ನು ಸೋಲಿಸಿದವರನ್ನು ನಾನಂತೂ ಕಂಡಿರಲಿಲ್ಲ. ಆದರೂ ಆಗಲಿ ಎಂದುಬಿಟ್ಟೆ. ಸೋತರೆ ಈ ಹುಡುಗಿಯರು ಮತ್ತೆ ಮುಂಜಾನೆಯಿಂದ ಸಂಜೆಯವರೆಗೆ ಚಾಪೆಯ ಮೇಲೆ, ಮತ್ತೆ ಬರೀ ಚಾ. ಅದನ್ನು ನೆನೆದರೆ ರಾತ್ರಿ ಅನ್ನ ಸೇರುತ್ತಿರಲಿಲ್ಲ.

ಪಂದ್ಯದ ದಿನ ವಿಜಾಪುರಕ್ಕೆ ಹೋಗಿ ಬಸ್ಸು ಬದಲಿಸಿ, ತೊರವಿ ದಾಟಿ ಟಿಕೋಟಾ ಮುಟ್ಟಿದೆವು. ದಾರಿಯುದ್ದಕ್ಕೂ ಜೋಳ ತೆನೆ ಹಿಡಿದಿತ್ತು, ಹುಡುಗಿಯರು ಕಿಟಕಿಯಿಂದ ಕೈ ಚಾಚಿ ಬೀಸುತ್ತಲೇ ಇದ್ದರು. ಹೆಡ್ ಮಾಸ್ತರರೂ ಬಂದಿದ್ದರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದು ಬಂದಿದ್ದ ಹುಡುಗಿಯರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಮ್ಮ ಕೊನೆಯ ಸರದಿ ಬಂದಾಗ ಟಿಕೋಟಾದವರದು ಒಂದು ಅಂಕ ಮೇಲಿತ್ತು. ಎರಡು ಔಟು ಸಿಕ್ಕರೆ ಗೆಲುವು ನಮ್ಮದು. ಮಾಳವ್ವ ಒಬ್ಬಳನ್ನು ಬೆನ್ನಟ್ಟಿದಳು. ಆಕೆ ಮಿಂಚಿನಂತೆ ಸಬೀರಾಳ ಪಕ್ಕದಿಂದ ಆಚೆ ನುಸುಳಿದಳು. ಮಾಳವ್ವ ಸಬೀರಾಳ ಬೆನ್ನಿಗೆ ಕೈ ಹಚ್ಚಿ ಊರಿಗೆಲ್ಲ ಕೇಳುವಂತೆ ಕೂಗಿದಳು.

"ಶೇಂಗಾ!"

ಸಬೀರಾ ಎದ್ದ ಹೆಜ್ಜೆಗೇ ಆಕೆಯನ್ನು ಮುಟ್ಟಿದಳು. ನಾವೆಲ್ಲ ಜಿಗಿದು ಕುಣಿದೆವು. ಸೀಟಿ ಕೇಳಿಸಿತು. ಖೋ ಅನ್ನದೆ ಎದ್ದರೆ ಔಟು ಇಲ್ಲ ಎಂದರು ಪಂಚರು. ಎರಡು ತಿಂಗಳಿಂದ ಖೋ ಎಂಬ ಮಾತನ್ನೇ ಬಿಡಿಸಿದವಳು ನಾನು, ಕೊನೆಯ ವಾರ ಅದನ್ನು ಮತ್ತೆ ರೂಢಿ ಮಾಡಿಸಿದ್ದು ಗಡಿಬಿಡಿಯಲ್ಲಿ ಹಾರಿಹೋಗಿತ್ತು. ಒಂದು ಸಲ ಬಾಯಿ ತಪ್ಪಿದ್ದೇ ತಡ, ಉಳಿದವರಿಗೂ ಅದೇ ಅಂಟಿತು. ಮುಂದಿನ ಸಲ ಸಬೀರಾ "ಮಜ್ಜಿಗಿ" ಎಂದಳು. ಮತ್ತೆ ಸೀಟಿ. ಸುತ್ತ ನಿಂತ ಮಂದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಹೊತ್ತು ಮುಗಿಯಿತು. ಒಂದೇ ಅಂಕದಿಂದ ಸೋತೆವು.

ಮಾಳವ್ವ ಮಣ್ಣಿನಲ್ಲಿ ಮುಖ ಇಟ್ಟು ಅತ್ತಳು. ನಾನು ಪಂಚರ ಜೊತೆ ಜಗಳಾಡಿದೆ, ಅವರದೇ ಸರಿ ಎಂದು ಗೊತ್ತಿದ್ದೂ ಆಡಿದೆ. ಆಗ ಟಿಕೋಟಾದ ಅಕ್ಕೋರು ನೀಲಾಬಾಯಿ ಬಂದು, ಇದೇನು ಶೇಂಗಾ, ಇದೇನು ಮಜ್ಜಿಗೆ ಎಂದು ಕೇಳಿದರು. ಕಣ್ಣೊರೆಸಿಕೊಳ್ಳುತ್ತಲೇ ಎಲ್ಲ ಹೇಳಿದೆ. ಅವರ ಹುಡುಗಿಯರು ಸುತ್ತ ಕೂತು ಬಾಯಿ ತೆರೆದು ಕೇಳಿದರು, ಗೆದ್ದದ್ದನ್ನೇ ಮರೆತವರ ಹಾಗೆ. ತಮಗೂ ಈ ಆಟ ಬೇಕು ಎಂದು ನೀಲಾಬಾಯಿಯವರ ಸೆರಗು ಜಗ್ಗಿದರು.

ಮರುದಿನ ಹೆಡ್ ಮಾಸ್ತರರು ಮಾತು ಉಳಿಸಿಕೊಂಡರು. ಆಟದ ತಾಸಿಗೆ ಸೂಜಿಯ ಡಬ್ಬಿ ಬಂತು. ಹುಡುಗಿಯರು ತಲೆ ಬಗ್ಗಿಸಿ ಕರವಸ್ತ್ರದ ಅಂಚು ಹೊಲಿದರು. ಮೂರನೆಯ ದಿನ ಮತ್ತೆ ಚಾ ಕುಡಿದು ಬಂದವರ ಮುಖ ನನಗೆ ದೂರದಿಂದಲೇ ಗೊತ್ತಾಯಿತು. ಸಿಟ್ಟು ನುಂಗಿಕೊಂಡು ನಾನೂ ಹೊಲಿದೆ. ಹೊಲಿಗೆ ಸೊಟ್ಟ ಬಂತು.

ಶನಿವಾರ ಶಾಲೆಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತು. ಹಿಂದಿನ ಗಾಡಿಯ ತುಂಬ ಟಿಕೋಟಾದ ಹುಡುಗಿಯರು, ಮುಂದೆ ನೀಲಾಬಾಯಿ.

"ಗೆದ್ದೇವಿ ಖರೆ, ಮಾಸ್ತರ್ರ, ಆದ್ರ ನಿಮ್ಮ ತಾಟಿನ ಖೋ ನಮಗ ಬರೂದಿಲ್ಲ. ಆಡಿ ಕಲೀಬೇಕಂತ ಬಂದೇವ್ರಿ," ಎಂದರು.

ಬಂದ ಅತಿಥಿಗಳಿಗೆ ಬೇಡ ಅನ್ನುವುದು ಯಲಗೂರಪ್ಪನವರಿಗೆ ಆಗದ ಕೆಲಸ. ನನ್ನ ತಲೆಯಲ್ಲಿ ಮಾತ್ರ ಆ ಕ್ಷಣಕ್ಕೆ ಒಂದು ದೀಪ ಹತ್ತಿತು. ಟಿಕೋಟಾದವರನ್ನು ಸೋಲಿಸಿ ಎಂದಿದ್ದರು, ಖೋ ಖೋದಲ್ಲೇ ಸೋಲಿಸಬೇಕು ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಓಡಿಹೋಗಿ ಸುಣ್ಣದ ಪುಡಿ ತಂದೆ. ನನ್ನ ಸೀಟಿಯನ್ನು ಹೆಡ್ ಮಾಸ್ತರರ ಕೈಗೆ ಕೊಟ್ಟು, ಪಂಚರು ನೀವೇ ಆಗಬೇಕು, ನಾನಾದರೆ ಮೋಸ ಅಂದಾರು ಎಂದೆ.

ಆದರೆ ನಿಯಮದ ಪ್ರಕಾರ ತಿಂದವಳಿಗೆ ಮಾತ್ರ ತಾಟಿನಲ್ಲಿ ಜಾಗ, ಟಿಕೋಟಾದವರೂ ಬರೀ ಚಾ ಕುಡಿದೇ ಟ್ರ್ಯಾಕ್ಟರ್ ಹತ್ತಿದ್ದರು. ನಮ್ಮವರಲ್ಲೂ ಕೆಲವರು ಹಾಗೇ ಬಂದಿದ್ದರು. ಮಾಳವ್ವ ಮನೆಯ ಕಡೆ ಓಟ ಕಿತ್ತಳು. ತುಸು ಹೊತ್ತಿಗೆ ಮುದುಕವ್ವ ರೊಟ್ಟಿಬುಟ್ಟಿ ಹೊತ್ತು ಬಂದಳು, ಹಿಂದೆ ಇನ್ನೂ ನಾಲ್ಕು ಮನೆಯ ಹೆಂಗಸರು ಮಜ್ಜಿಗೆಯ ಗಡಿಗೆ, ಶೇಂಗಾ, ಹಕ್ಕರಕಿ ತಂದರು. ನನ್ನ ಮುಂದೆ ಬುಟ್ಟಿ ಇಳಿಸಿದ ಅಜ್ಜಿಯನ್ನು ಇವತ್ತು ಜಗಳ ಇಲ್ಲವೇ ಎಂದು ಕಣ್ಣಲ್ಲೇ ಕೇಳಿದೆ.

"ನಾಕ ದಿನ ಆತು, ಹುಡುಗಿ ರೊಟ್ಟಿ ಕೇಳವಲ್ಲಳು. ಬುತ್ತಿಗೆ ಕೈ ಹಾಕಿದ್ರ ಬೈಬೇಕಂತ ಕುಂತೇನಿ, ಹಾಕವಲ್ಲಳು. ನೀ ಓಡಸ ಯವ್ವಾ," ಎಂದಳು.

ತಿಂದು ಮುಗಿಸಿ ಆಟ ಶುರುವಾಯಿತು. ಟಿಕೋಟಾದವರ ಓಟ ನೋಡಬೇಕು, ಗಾಳಿಯೇ. ಮಾಳವ್ವನನ್ನು ಮೂಲೆಗೆ ತಂದರು. ಬೆನ್ನಟ್ಟಿದವಳು ಮುಂದಿನವಳ ಬೆನ್ನು ಮುಟ್ಟಿ ಗಂಟಲು ಹರಿಯುವಂತೆ ಕೂಗಿದಳು.

"ಖೋ!"

ಹೆಡ್ ಮಾಸ್ತರರು ಸೀಟಿ ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿದರು, ಮಾಳವ್ವನ ಕಡೆ ನೋಡಿದರು, ಆಮೇಲೆ ಕೆನ್ನೆ ಉಬ್ಬಿಸಿ ಊದಿದರು. ತಪ್ಪು. ಆ ಹುಡುಗಿಯರಿಗೆ ಹುಟ್ಟಿದಾಗಿನಿಂದ ಖೋ ಒಂದೇ ಗೊತ್ತು. ಹಕ್ಕರಕಿ ಅನ್ನಬೇಕಾದಲ್ಲಿ ಖೋ, ಹೆಸರುಕಾಳು ಅನ್ನಬೇಕಾದಲ್ಲಿ ಖೋ. ಪ್ರತಿ ಸಲವೂ ಸೀಟಿ. ಕೊನೆಕೊನೆಗೆ ಯಲಗೂರಪ್ಪನವರು ಧೋತರ ಎತ್ತಿಕಟ್ಟಿ ಗೆರೆಯ ಗುಂಟ ಓಡಾಡಿ, ಹೆಸರು ತಪ್ಪಿದರೆ ನನಗಿಂತ ಮೊದಲೇ ಹಿಡಿಯುತ್ತಿದ್ದರು. ನಮ್ಮವರು ನಾಲ್ಕು ಅಂಕದಿಂದ ಗೆದ್ದರು. ನೀಲಾಬಾಯಿಯ ಹುಡುಗಿಯರೇ ನಮ್ಮವರನ್ನು ಎತ್ತಿ ಕುಣಿದರು.

ಹೆಡ್ ಮಾಸ್ತರರು ಬೆವರೊರೆಸಿಕೊಂಡು ಸೀಟಿಯನ್ನು ನನ್ನ ಕೈಗೆ ಇಟ್ಟರು.

"ಟಿಕೋಟಾದವರು ಸೋತಾರ, ಅಕ್ಕೋರ. ಸೀಟಿ ಊದಿದಾಂವ ನಾನ. ತಾಸು ನಿಮ್ದು."

ನನಗೆ ಅಳು ಬಂತು. ಅಷ್ಟರಲ್ಲಿ ಮಾಳವ್ವ ಅವರ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮಾಸ್ತರ್ರ, ನೀವು ಮುಂಜಾನಿ ಏನ್ ತಿಂದ ಬಂದೀರಿ?"

ಯಲಗೂರಪ್ಪನವರು ಸುಳ್ಳು ಹೇಳುವ ಮನುಷ್ಯ ಅಲ್ಲ.

"ಚಾ," ಎಂದರು.

ಎರಡೂ ಊರಿನ ಹುಡುಗಿಯರು ಒಟ್ಟಿಗೆ ಎದ್ದು ನಿಂತರು. ಹೆಡ್ ಮಾಸ್ತರರು ಅವರ ಮುಖ ನೋಡಿದರು, ಧೋತರದ ಚುಂಗು ಕೈಯಲ್ಲಿ ಹಿಡಿದರು, ಓಡಿದರು. ಬೇವಿನ ಗಿಡ ಮುಟ್ಟುವ ಮೊದಲೇ ಮಾಳವ್ವ ಅವರನ್ನು ಹಿಡಿದಳು. ಮುದುಕವ್ವ ಬುಟ್ಟಿಯಲ್ಲಿ ಉಳಿದಿದ್ದ ಕೊನೆಯ ರೊಟ್ಟಿಯನ್ನು ಅವರಿಗೆ ಕೊಟ್ಟಳು.